ಕತ್ತರಿಸಿ ಹೋದ ಭೀಮಾತೀರ

ನಾಸಿಕದಿಂದ ಛತ್ರಪತಿ ಸಂಭಾಜಿನಗರಕ್ಕೆ ಬಸ್ಸಿನಲ್ಲಿ ಐದು ತಾಸಿನ ದಾರಿ, ಟಿಕೆಟ್ಟು ನಾಲ್ಕು ನೂರರ ಆಸುಪಾಸು. ಏಪ್ರಿಲ್ ಬಿಸಿಲಿಗೆ ಹೆದರಿ ಬೆಳಗಿನ ಮೊದಲ ಬಸ್ಸನ್ನೇ ಹಿಡಿದೆ. ನಾಸಿಕದ ಪಕ್ಕದ ಓಝರಿನ ಕಾರ್ಖಾನೆಯಲ್ಲಿ ಯಂತ್ರಗಳ ನಕ್ಷೆ ಬರೆಯುವ ಕೆಲಸ ನನ್ನದು. ಸಿಕ್ಕ ರಜೆಯನ್ನೆಲ್ಲ ಹಳೆಯ ನಕಾಶೆಗಳ ಬೆನ್ನು ಹತ್ತಿ ಕಳೆಯುತ್ತೇನೆಂದು ಮನೆಯಾಕೆಗೆ ಸಿಟ್ಟು. "ಊರಾಗ ಗೇಣು ಹೊಲ ಇಲ್ಲ, ಇವರಿಗೆ ನಕಾಶಿ ಬೇಕು" ಎಂದು ಆಡಿಕೊಳ್ಳುತ್ತಾಳೆ.

ಈ ಸಲ ಹೊರಟದ್ದು ನಮ್ಮ ಊರಿಗಾಗಿಯೇ. ನಿಜಾಮರ ಕಾಲದ, ಕೈಯಲ್ಲಿ ಬರೆದ ಎರಡು ಹಾಳೆಯ ನಕಾಶೆಯೊಂದರ ಮೇಲಿನ ಹಾಳೆ ಹೈದರಾಬಾದಿನ ರದ್ದಿ ಅಂಗಡಿಯಲ್ಲಿ ನನಗೆ ಸಿಕ್ಕಿತ್ತು. ಬೆನ್ನಿಗೆ ಬಟ್ಟೆ ಅಂಟಿಸಿದ ಕಾಗದ, ಊರ ಹೆಸರುಗಳೆಲ್ಲ ಕನ್ನಡದಲ್ಲಿ. ಆ ಹಾಳೆ ಭೀಮಾ ನದಿಯ ನಟ್ಟನಡುವೆ ಮುಗಿದುಬಿಡುತ್ತದೆ. ಆಚೆ ದಂಡೆಯ ಮೊದಲ ಊರೇ ನಮ್ಮದು. ಹೊಳೆ ಬಂದು ಕೊಚ್ಚಿಕೊಂಡು ಹೋದ ಮೇಲೆ ಊರನ್ನು ದಿಬ್ಬದ ಮೇಲೆ ಕಟ್ಟಿದರು. ಹಳೆಯ ಊರಿನ ಅಗಸಿ ಬಾಗಿಲು ಎಲ್ಲಿತ್ತು, ಹೊಳೆಗೆ ದಾರಿ ಎಲ್ಲಿ ಇಳಿಯುತ್ತಿತ್ತು ಎಂದು ಹೇಳುವವರು ಈಗ ಒಬ್ಬರೂ ಇಲ್ಲ.

ಕೆಳಗಿನ ಹಾಳೆ ಸಂಭಾಜಿನಗರದ ಗುರುನಾಥರಾಯರ ಹತ್ತಿರ ಇತ್ತು. ಕಲಬುರಗಿ ಕಡೆಯವರು, ಬ್ಯಾಂಕಿನಲ್ಲಿ ವರ್ಗವಾಗಿ ಬಂದು ಅಲ್ಲೇ ನೆಲೆನಿಂತವರು. ನಕಾಶೆ ಬರೆದವರು ಅವರ ಅಜ್ಜ. ಫೋನು ಮಾಡಿದಾಗ, "ಬರ್ರಿ, ಒಯ್ಯಿರಿ. ಬೇಕಂದವ್ರ ಮನ್ಯಾಗ ಇರ್ಲಿ" ಎಂದಿದ್ದರು.

ನಕಾಶೆ ತರಲು ಪ್ಲಾಸ್ಟಿಕ್ ಪೈಪೊಂದನ್ನು ಹಿಡಿದಿದ್ದೆ, ಒಳಗೆ ಹಾಳೆಗೆ ಸುತ್ತಲು ಒಗೆದ ಹಳೆಯ ಧೋತರ. ಯೇವಲೆಯಲ್ಲಿ ಚಹಾಕ್ಕೆ ಇಳಿದಾಗ ಪಕ್ಕದ ಸೀಟಿನವನು "ಪ್ಲಂಬರ್ ಹೋ ಕ್ಯಾ?" ಎಂದು ಕೇಳಿದ. ಹೌದೆಂದೆ. ಅಷ್ಟು ಖುಷಿಯಲ್ಲಿದ್ದೆ. ವೈಜಾಪುರ ದಾಟಿದ ಮೇಲೆ ಕಿಟಕಿಯ ಸರಳು ಮುಟ್ಟಲಾಗದಷ್ಟು ಕಾಯ್ದಿತ್ತು.

ರಾಯರ ಮನೆಯಲ್ಲಿ ಅವಲಕ್ಕಿ, ಶೇಂಗಾ ಹೋಳಿಗೆ, ಮೇಲೆ ಮಜ್ಜಿಗೆ. ಆಮೇಲೆ ರಾಯರು ಒಳಗಿನಿಂದ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದರು. ಅದು ಟ್ಯೂಬ್‌ಲೈಟಿನ ಬೆಳಕಿಗೆ ಫಳಫಳ ಹೊಳೆಯಿತು.

"ಪೂರಾ ಮಾಸಿತ್ರಿ. ನಾಸಿಕದಿಂದ ಸಾಹೇಬ್ರು ಬರ್ತಾರ, ಹಂಗs ಹೆಂಗ ಕೊಡೂದು? ನಿನ್ನೆ ಲ್ಯಾಮಿನೇಷನ್ ಮಾಡಿಸ್ದೆ."

"ಹಿಂದ ಅಂಟಿಸಿದ್ದ ಬಟ್ಟಿ ನಾನs ನೀರಾಗ ನೆನಸಿ ಬಿಡಿಸ್ದೆ ನೋಡ್ರಿ" ಎಂದರು ಅವರ ಮನೆಯವರು ಸಿಂಧೂತಾಯಿ. "ಒಂಚೂರೂ ಹರೀಲಿಲ್ಲ."

ಹರಿದಿರಲಿಲ್ಲ, ಆದರೆ ಬಣ್ಣಗಳೆಲ್ಲ ಕದಡಿ ಹೋಗಿದ್ದವು. ಹಾಳೆಯ ಮೇಲಂಚಿನಲ್ಲಿ ಭೀಮೆಯನ್ನು ಹುಡುಕಿದೆ. ಹೊಳೆಯೂ ಇಲ್ಲ, ದಂಡೆಯೂ ಇಲ್ಲ.

"ಅಂಚು ಪಿಂಜಿತ್ತು" ಎಂದರು ರಾಯರು. "ಅಂಗಡಿಯವ ನಾಲ್ಕು ಬೆರಳಗಲ ಸೀದಾ ಕತ್ತರಿಸಿ ನೀಟ್ ಮಾಡಿಕೊಟ್ಟ."

ಆ ಚೂರು ಎಲ್ಲಿ ಎಂದೆ. ಬೆಳಿಗ್ಗೆಯೇ ಕಸದ ಘಂಟಾಗಾಡಿಗೆ ಹೋಗಿತ್ತು. ಬಿಸಿಯಲ್ಲಿ ಅಂಟಿದ ಪ್ಲಾಸ್ಟಿಕ್ಕು ಇನ್ನು ಬಿಡುವುದಿಲ್ಲ, ಬಿಡಿಸಹೋದರೆ ಕಾಗದವೇ ಎದ್ದು ಬರುತ್ತದೆ. ಆದರೂ ಹೋಳಿಗೆ ಉಂಡ ಬಾಯಿ, "ಚಲೋ ಆಗ್ಯದ್ರಿ" ಎಂದಿತು.

ರಾಯರು ಹಿಗ್ಗಿ, ಕಲಬುರಗಿಯ ಅಣ್ಣನಿಗೆ ಅಲ್ಲಿಂದಲೇ ಫೋನು ಹಚ್ಚಿದರು. "ಅಣ್ಣಾ, ಸಾಹೇಬ್ರಿಗೆ ಭಾಳ ಸೇರ್ತು. ನಿನ್ನ ಟ್ರಂಕಿನ್ಯಾಗ ಇರೂ ಅಜ್ಜನ ನಕಾಶಿ ಎಲ್ಲಾ ಹಿಂಗs ಮಾಡಿಸಿಬಿಡು!"

"ಬ್ಯಾಡ್ರೀ!" ನಾನು ಕೂಗಿಯೇಬಿಟ್ಟೆ. "ಇದು ಕೆಟ್ಟು ಹೋಗ್ಯದ್ರಿ. ಮತ್ತ ಸರಿ ಆಗೂದಿಲ್ಲ."

ಸಿಂಧೂತಾಯಿ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದವರು ಹೊರಗೆ ಬರಲಿಲ್ಲ. ರಾಯರು ಸಣ್ಣ ದನಿಯಲ್ಲಿ "ಮುಟ್ಟಬ್ಯಾಡ ಅಣ್ಣಾ, ಇದ್ದಂಗ ಇರ್ಲಿ" ಎಂದು ಫೋನು ಇಟ್ಟರು. ಇಂಥ ಒಳ್ಳೆಯವರ ಮನೆಗೆ ಯಾಕಾದರೂ ಬಂದೆನೋ ಎನಿಸಿತು. ನಾನು ಬರುತ್ತೇನೆ ಅನ್ನದಿದ್ದರೆ ಆ ಹಾಳೆ ಮಾಸಿಕೊಂಡೇ ಕಪಾಟಿನಲ್ಲಿ ಉಳಿದಿರುತ್ತಿತ್ತು.

ಬಿರುಸಾದ ಹಾಳೆ ಪೈಪಿನೊಳಗೆ ಹೋಗಲಿಲ್ಲ. ದಾರ ಕಟ್ಟಿ ಕಂಕುಳಲ್ಲಿ ಹಿಡಿದು ರಿಕ್ಷಾ ಹತ್ತಿದೆ. ರಾಯರು ಚಪ್ಪಲಿಯಿಲ್ಲದೆ ಬಿಸಿಲಿಗೆ ಬಂದರು.

"ನಿಮ್ಮ ಊರು ಯಾವ್ದಂದ್ರಿ?"

ಹೇಳಿದೆ.

"ಇತ್ರಿ. ಹೊಳೀ ದಂಡೀಗೇ ಇತ್ತು. ಹೆಸರಿನ ಬಾಜೂಕ ಸಣ್ಣದೊಂದು ಗಿಡದ ಚಿತ್ರ ತಗದಿದ್ರು ನಮ್ಮಜ್ಜ."

"ಮತ್ತೇನಿತ್ರಿ?"

ರಾಯರು ಕಣ್ಣು ಮುಚ್ಚಿ ನಿಂತರು. ರಿಕ್ಷಾದವನು ಹಾರ್ನ್ ಹೊಡೆದ.

"ಮತ್ತ ನಾ ಸರಿಯಾಗಿ ನೋಡ್ಲಿಲ್ರಿ" ಎಂದರು.