ಕೂಡದೆ ಉಳಿದ ಎರಡು ನಾಳಗಳು

ಆ ಬೇಸಿಗೆಯಲ್ಲಿ ಗೋಕಾಕದ ಸರ್ಕಾರಿ ದವಾಖಾನೆಗೆ ನಾನೊಬ್ಬನೇ ಡಾಕ್ಟರ್. ಹುಕ್ಕೇರಿಯ ಕಡೆ ಕಾಲರಾ ನೋಡಿಕೊಂಡು ಹಿಂತಿರುಗಿ ಇನ್ನೂ ಬೂಟು ಬಿಚ್ಚಿರಲಿಲ್ಲ, ಮೂಡಲಗಿಯಿಂದ ಚಕ್ಕಡಿಯಲ್ಲಿ ಒಂದು ಹೆಣ ಬಂತು. ಹರೆಯದ ರೈತ. ಉಂಡ ಮೇಲೆ ಹೊಟ್ಟೆ ಹಿಡಿದುಕೊಂಡು ಬಿದ್ದವನು ಮರುದಿನ ಸತ್ತಿದ್ದ. ಹೆಂಡತಿಯೇ ವಿಷ ಹಾಕಿದಳೆಂದು ಅವನ ತಾಯಿಯ ದೂರು. ಪೊಲೀಸ್ ಫೌಜದಾರರು ಅತ್ತೆ ಸೊಸೆ ಇಬ್ಬರನ್ನೂ ಕರೆತಂದಿದ್ದರು. ಸೊಸೆ ಗೋಡೆಗೆ ಒರಗಿ ಕೂತಿದ್ದಳು. ಅಳುವ ತ್ರಾಣವೂ ಅವಳಲ್ಲಿ ಉಳಿದಿರಲಿಲ್ಲ.

ಹೆಣದ ಹೊಟ್ಟೆ ತೆರೆದೆ. ಜಠರದಲ್ಲಿ ವಿಷದ ಗುರುತು ಕಾಣಲಿಲ್ಲ. ಅದರ ಹಿಂದಿನ ಮೇದೋಜೀರಕ ಗ್ರಂಥಿ ಮಾತ್ರ ಬಾತು ಕಪ್ಪಾಗಿತ್ತು. ಸುತ್ತಲಿನ ಕೊಬ್ಬಿನ ಮೇಲೆ ಸುಣ್ಣ ಸಿಡಿದಂಥ ಬಿಳಿ ಚುಕ್ಕೆಗಳು. ಗ್ರಂಥಿ ತನ್ನ ರಸದಲ್ಲೇ ಬೆಂದಿತ್ತು. ಅದು ಕರುಳಿಗೆ ರಸ ಸುರಿಯುವ ದೊಡ್ಡ ಬಾಯಿಯಲ್ಲಿ ತೆಳು ಸಲಾಕೆ ತೂರಿಸಿದೆ. ಸ್ವಲ್ಪ ಹೋಗಿ ನಿಂತಿತು. ಮೇಲಿನ ಸಣ್ಣ ಬಾಯಿಯಲ್ಲಿ ತೂರಿಸಿದರೆ ಗ್ರಂಥಿಯ ತುದಿಯವರೆಗೂ ಸರಿಯಿತು.

ಕಾಲೇಜಿನಲ್ಲಿ ಓದಿದ್ದು ನೆನಪಾಯಿತು. ಗರ್ಭದಲ್ಲಿ ಈ ಗ್ರಂಥಿ ಕರುಳಿನಿಂದ ಎರಡು ಮೊಗ್ಗುಗಳಾಗಿ ಚಿಗುರುತ್ತದೆ, ಬೆನ್ನಿನ ಕಡೆ ದೊಡ್ಡದು, ಹೊಟ್ಟೆಯ ಕಡೆ ಸಣ್ಣದು. ಸಣ್ಣದು ಕರುಳನ್ನು ಸುತ್ತಿ ಬಂದು ದೊಡ್ಡದಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಎರಡರ ನಾಳಗಳೂ ಕೂಡಿ ರಸ ಹೆಚ್ಚಾಗಿ ದೊಡ್ಡ ಬಾಯಿಯಿಂದಲೇ ಹರಿಯುತ್ತದೆ. ಇವನಲ್ಲಿ ಮೊಗ್ಗುಗಳು ಕೂಡಿದ್ದವು, ನಾಳಗಳು ಕೂಡಿರಲಿಲ್ಲ. ಹೆಚ್ಚಿನ ರಸವೆಲ್ಲ ಸಣ್ಣ ಬಾಯಿಯಿಂದಲೇ ಹರಿಯಬೇಕಿತ್ತು, ಅದು ಸಾಲದೆ ಒಳಗೇ ತಡೆದು ನಿಂತಿರಬಹುದು.

ಕೈ ತೊಳೆದು ಹೊರಗೆ ಬಂದು ತಾಯಿಯನ್ನು ಕೇಳಿದೆ: “ಮೊದಲ ಯಾವಾಗರ ಹಿಂಗ ಹೊಟ್ಟಿನೋವು ಬಂದಿತ್ತೇನವಾ?”

“ಸಣ್ಣಾಂವ ಇದ್ದಾಗಿಂದ ಬರ್ತಿತ್ರಿ.”

“ಅವನ ಹೊಟ್ಟ್ಯಾಗಿನ ಎರಡು ನಾಳ ಒಂದಕ್ಕೊಂದು ಕೂಡಿಲ್ಲ. ಹುಟ್ಟೂಕಿಂತ ಮೊದಲ ಹಂಗ ಉಳದಾವು. ವಿಷದ ಗುರುತು ನನಗ ಕಂಡಿಲ್ಲ.”

“ನನ್ನ ಹೊಟ್ಟ್ಯಾಗ ಇದ್ದಾಗನ ಕೆಟ್ಟಿತ್ತೇನ್ರಿ? ಹಂಗಾರ ಕೊಂದಾಕಿ ನಾನ ಏನು?”

ಈ ಮಾತನ್ನು ನಾನು ಎಣಿಸಿರಲಿಲ್ಲ. “ಅಲ್ಲವಾ. ಹಿಂಗ ಹುಟ್ಟಿದ ಎಷ್ಟೋ ಮಂದಿ ಆರಾಮ ಬಾಳತಾರ. ಇದರಿಂದನ ಸತ್ತನೋ ಇಲ್ಲೋ, ಖರೆ ಹೇಳಬೇಕಂದ್ರ ನನಗೂ ಗೊತ್ತಿಲ್ಲ.”

ಅವಳು ತಲೆಯಾಡಿಸಿದಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಮತ್ತೆ ವಿವರಿಸುವ ಶಕ್ತಿ ನನಗಿರಲಿಲ್ಲ.

ಪರೀಕ್ಷೆಗೆಂದು ಮುಂಬೈಗೆ ಕಳಿಸಿದ ಒಳಾಂಗಗಳಲ್ಲೂ ವಿಷ ಸಿಗಲಿಲ್ಲ. ಸೊಸೆ ಕೌಜಲಗಿಯ ತವರಿಗೆ ಹೋದಳು. ಸುಗ್ಗಿಯ ಹೊತ್ತಿಗೆ ಅತ್ತೆ ತಾನೇ ಅಲ್ಲಿಗೆ ಹೋಗಿ ಮನೆಗೆ ಬಾ ಎಂದು ಕರೆದಳಂತೆ. ಸೊಸೆ ಕೂಡ್ರಿಸಿ ರೊಟ್ಟಿ ಬಡಿಸಿದಳು, ಅತ್ತೆ ಪೂರ್ತಿ ಉಂಡಳು, ಆದರೆ ಸೊಸೆ ಜೊತೆಗೆ ಬರಲಿಲ್ಲ, ಅತ್ತೆ ಒಬ್ಬಳೇ ಮರಳಿದಳು ಎಂದು ಒಂದು ದಿನ ನನ್ನ ಜೊತೆ ಚಹಾ ಕುಡಿಯುತ್ತ ಫೌಜದಾರರು ಹೇಳಿದರು. ನಾನು ಚಹಾ ಮುಗಿಸಿ ಎದ್ದೆ. ಹೊರಗೆ ರೋಗಿಗಳು ಕಾಯುತ್ತಿದ್ದರು.