ಸೀಟು ಬಿಡಿಸಿದ ವಾಕ್ಯ

ಪುಣೆಯ ಮಗರಪಟ್ಟಾದ ಒಂದು ಕಚೇರಿಯಲ್ಲಿ ಮೊಬೈಲ್ ಆ್ಯಪ್‌ಗಳಿಗೆ ಕನ್ನಡ ಮಾತು ಬರೆಯುವುದು ನನ್ನ ಕೆಲಸ. ಬಟನ್ ಮೇಲೆ ಏನಿರಬೇಕು, ಒತ್ತಿದ ಮೇಲೆ ಫೋನು ಜನರನ್ನು ಹೇಗೆ ಕೇಳಬೇಕು, ಅದೆಲ್ಲ ನನ್ನ ಪಾಲಿಗೆ. ಇದೂ ಒಂದು ಕೆಲಸವೇ ಎಂದು ಜನ ನಗುತ್ತಾರೆ. ನಾನೂ ನಗುತ್ತಿದ್ದೆ.

ಒಮ್ಮೆ ಕರ್ನಾಟಕದ ಒಂದು ಹೆಣ್ಣುಮಕ್ಕಳ ವಸತಿ ಶಾಲೆಯ ಆ್ಯಪ್ ನಮ್ಮ ಕೈಗೆ ಬಂತು. ಸಿಕ್ಕ ಸೀಟು ಬೇಡವೆನ್ನುವವರಿಗೆ ಅದರಲ್ಲೊಂದು ಬಟನ್. ಅದನ್ನು ಒತ್ತಿದರೆ ‘ನಿಮ್ಮ ಮಗಳ ಸೀಟು ಹೋಗುತ್ತದೆ, ಮತ್ತೆ ಸಿಗುವುದಿಲ್ಲ’ ಎಂದು ಹೇಳಿ, ಕೆಳಗೆ ‘ಸೀಟು ಬಿಡುತ್ತೇನೆ’, ‘ಸೀಟು ಇರಲಿ’ ಎಂದು ಬರೆದಿದ್ದೆ. ಮ್ಯಾನೇಜರಿಗೆ ಅದು ಉದ್ದವಾಯಿತು. ಎಲ್ಲ ಕಡೆಗೂ ಒಂದೇ ವಾಕ್ಯ ಸಾಕು ಎಂದರು. ಎರಡು ದಿನ ಜಗಳಾಡಿ, ಮೂರನೆಯ ದಿನ ಬಾಯಿ ಮುಚ್ಚಿಕೊಂಡು ಬರೆದುಕೊಟ್ಟೆ: ‘ನೀವು ಖಚಿತವಾಗಿ ಮುಂದುವರಿಯಲು ಬಯಸುವಿರಾ?’ ಹೌದು. ಇಲ್ಲ. ಕನ್ನಡದಲ್ಲಿ ಯಾರೂ ಯಾರನ್ನೂ ಹೀಗೆ ಕೇಳಿದ್ದನ್ನು ನಾನು ಕಂಡಿಲ್ಲ.

ನಮ್ಮ ಅಪಾರ್ಟ್‌ಮೆಂಟಿನ ಪಕ್ಕ ದೊಡ್ಡ ಕಟ್ಟಡವೊಂದು ಏಳುತ್ತಿದೆ. ಅಲ್ಲಿ ಇಟ್ಟಿಗೆ ಹೊರುವ ಯಾದಗಿರಿ ಕಡೆಯ ಒಬ್ಬಾಕೆ, ನಾನು ಕನ್ನಡದವಳೆಂಬ ಸಲುಗೆಯಲ್ಲಿ ಮನೆಗೆ ಬರುತ್ತಿದ್ದಳು. ಆಕೆಯ ಮಗಳಿಗೆ ಅದೇ ಶಾಲೆಯಲ್ಲಿ ಆರನೇ ತರಗತಿಗೆ ಸೀಟು ಸಿಕ್ಕಿತ್ತು. ಕೆಲಸದ ಸೈಟು ಬದಲಾದಂತೆಲ್ಲ ಶಾಲೆ ಬಿಡುತ್ತ ಬಂದ ಹುಡುಗಿ. ಇದೂ ತಪ್ಪಿದರೆ ಅವಳೂ ಇಟ್ಟಿಗೆ ಹೊರುವುದೇ.

ಜೂನಿನ ಒಂದು ಬೆಳಿಗ್ಗೆ ಆಕೆ ಫೋನು ಹಿಡಿದು ಬಂದಳು. ಜೊತೆಯವರಿಗೆ ಸೀಟು ತೋರಿಸಲು ಹೋಗಿ ಬೆರಳು ಎಲ್ಲೋ ತಾಗಿತ್ತಂತೆ. ‘ಸೀಟು ಬಿಟ್ಟಿದ್ದೀರಿ’ ಎಂದು ಪರದೆಯ ಮೇಲಿತ್ತು.

“ಅದು ಕೇಳಿದಾಗ ಇಲ್ಲ ಅನ್ನಬೇಕಿತ್ತಲ್ಲವಾ!” ಎಂದು ರೇಗಿದೆ. ಸಿಟ್ಟು ಆಕೆಯ ಮೇಲಿನದಲ್ಲ.

“ಏನ ಕೇಳ್ತದಂತ ತಿಳೀಲಿಲ್ರಿ ಅಕ್ಕಾರ. ಕೂಲಿಗೆ ಹಚ್ಚೋ ಮುಕಾದಮ ಏನ ಕೇಳಿದ್ರೂ ನಾವು ಹೌದ್ರಿ ಅಂತೀವಿ. ಇಲ್ಲ ಅಂದಾಕಿಗೆ ನಾಳಿ ಕೆಲಸ ಇರಂಗಿಲ್ಲ. ಇದಕ್ಕೂ ಹೌದಂತ ಒತ್ತಿದೆ.”

ಶಾಲೆಗೆ ಫೋನು ಮಾಡಿದೆ. ತಾಯಿಯೇ ಒಪ್ಪಿ ಸೀಟು ಬಿಟ್ಟಿದ್ದಾರೆ, ಅದು ಪಟ್ಟಿಯಲ್ಲಿದ್ದ ಮುಂದಿನ ಹುಡುಗಿಗೆ ಹೋಯಿತು ಎಂದರು. ಕಚೇರಿಯಲ್ಲಿ ಅಂಗಲಾಚಿದೆ. ಮುಂದಿನ ಸಲ ವಾಕ್ಯ ತಿದ್ದೋಣ ಎಂದರು. ನಾಚಿಕೆಯಿಂದ ನನಗೆ ಊಟ ಸೇರಲಿಲ್ಲ.

ತಡೆಯಲಾಗದೆ ಸಂಜೆ ಆಕೆಯ ಶೆಡ್ಡಿಗೆ ಹೋಗಿ ಹೇಳಿಬಿಟ್ಟೆ: “ಆ ಮಾತು ಬರ್ದಾಕಿ ನಾನ.”

ಬೈಯಲಿ ಎಂದು ಕಾದೆ. ಆಕೆಯ ಮುಖ ಅರಳಿತು.

“ನೀವ ಬರ್ದೀರಿ? ಹಂಗಾದ್ರ ನೀವ ಅಳಸ್ತೀರಿ ಬಿಡ್ರಿ! ಭಾಳ ಹೆದರಿದ್ದೆ,” ಎನ್ನುತ್ತ ಮಗಳನ್ನು ಕೂಗಿ ಸುದ್ದಿ ಹೇಳಿದಳು.

ನನ್ನ ಕೈಯಲ್ಲಿ ಏನೂ ಇಲ್ಲವೆಂದು ನಾಲ್ಕು ಸಲ ಹೇಳಿದೆ. ಆಕೆ ನಗುತ್ತಲೇ ಇದ್ದಳು. ಒಳಗೆ ಹುಡುಗಿ ಆಗಲೇ ಬಟ್ಟೆ ಮಡಚಿ ಟ್ರಂಕಿಗೆ ತುಂಬುತ್ತಿದ್ದಳು.