ಗಂಧಕ ಬಿಟ್ಟ ಮಾವ

ಯಾರದೋ ಮನೆಯಲ್ಲಿ ಹುರುಳಿಕಟ್ಟಿನ ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಬಿದ್ದಿತ್ತು. ವಿದ್ಯಾನಗರದ ಆ ಬೀದಿಯಲ್ಲಿ ಔಷಧಿ ಅಂಗಡಿಗೆ ಹೊರಟಿದ್ದವಳು ನಿಂತುಬಿಟ್ಟೆ. ಏನು ತರಲು ಹೊರಟಿದ್ದೆ ಎಂಬುದೇ ಮರೆತುಹೋಯಿತು. ಮೂಗು ಮುಚ್ಚಿಕೊಂಡು ಒಗ್ಗರಣೆ ಹಾಕುತ್ತಿದ್ದ ಒಬ್ಬರು ನೆನಪಾದರು...

ನಾವು ಹೊಸಮನೆ ಬಡಾವಣೆಯಲ್ಲಿದ್ದಾಗ ಅವರು ಪಕ್ಕದ ಮನೆಯವರು. ಮಾವ ಎಂದೇ ಕರೆಯುತ್ತಿದ್ದೆ. ಭದ್ರಾವತಿಯ ಕಾರ್ಖಾನೆಯ ಲ್ಯಾಬಿನಲ್ಲಿ ಉಕ್ಕು ಪರೀಕ್ಷೆ ಮಾಡಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಜೊತೆಗೆ ತಂಗಿಯೊಬ್ಬರಿದ್ದರು, ಐವತ್ತು ದಾಟಿದ್ದರೂ ಬುದ್ಧಿ ಐದಾರು ವರ್ಷದ ಮಗುವಿನದು. ತಲೆ ಬಾಚುವುದರಿಂದ ಹಿಡಿದು ತುತ್ತು ಕಲಸಿ ಕೊಡುವತನಕ ಎಲ್ಲವೂ ಮಾವನೇ. "ಇವಳಿಗಿಂತ ಒಂದು ದಿನ ಹೆಚ್ಚಿಗೆ ಬದುಕಿದ್ರೆ ಸಾಕು ಕಣಮ್ಮ. ಆಮೇಲೆ ಯಮ ಬಂದ್ರೆ ಕಾಫಿ ಕೊಟ್ಟು ಜೊತೇಲೇ ಹೊರಡ್ತೀನಿ" ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಕಾಂಪೌಂಡ್ ಗೋಡೆಗೆ ಒರಗಿಕೊಂಡು, ಮೊಬೈಲಿಗೆ ಬಂದಿದ್ದ ಲೇಖನವೊಂದನ್ನು ನಾನೇ ಅವರಿಗೆ ಓದಿ ಹೇಳಿದೆ. ನಾವು ತಿನ್ನುವ ಪ್ರೋಟೀನಿನಲ್ಲಿ ಮೆಥಿಯೋನಿನ್ ಎಂಬ ಅಮೈನೋ ಆಮ್ಲ ಇರುತ್ತದಂತೆ, ಅದನ್ನು ಕಡಿಮೆ ಮಾಡಿ ಸಾಕಿದ ಇಲಿಗಳು ಹೆಚ್ಚು ದಿನ ಬದುಕಿದವಂತೆ, ಅದರಲ್ಲಿ ಗಂಧಕ ಇದೆಯಂತೆ... ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿತು, ಓಡಿದೆ. ಮನುಷ್ಯರ ವಿಷಯ ಇನ್ನೂ ಖಚಿತವಿಲ್ಲ, ವಯಸ್ಸಾದವರು ಪ್ರೋಟೀನ್ ಬಿಡಬಾರದು ಎಂಬ ಕೊನೆಯ ಸಾಲುಗಳನ್ನು ಓದಲೇ ಇಲ್ಲ.

ಮಾವನಿಗೆ ಗಂಧಕ ಎಂಬ ಮಾತೊಂದೇ ಸಾಕಾಗಿತ್ತು. "ಗಂಧಕ ಜಾಸ್ತಿ ಇದ್ರೆ ಕೆಂಪಗೆ ಕಾಸಿದ ಉಕ್ಕು ಬಡಿದ ಕೂಡ್ಲೆ ಬಿರುಕು ಬಿಡುತ್ತೆ ಮಾರಾಯ್ತಿ. ಮೂವತ್ತು ವರ್ಷ ಅದನ್ನೇ ಅಳೆದಿದ್ದೀನಿ. ಮೈಗೂ ಅಷ್ಟೇ!" ಎಂದರು. ಬೇಳೆ, ಹುರುಳಿ, ಹಾಲು, ಮೊಸರು ಬಿಟ್ಟರು. ವಾಸನೆಯೇ ಗಂಧಕದ್ದು ಎಂದು ಈರುಳ್ಳಿ ಬೆಳ್ಳುಳ್ಳಿಯನ್ನೂ ಬಿಟ್ಟರು. ಗಂಜಿ, ಸೌತೆಕಾಯಿ, ಬಾಳೆಹಣ್ಣು, ಅಷ್ಟೇ. ತಂಗಿಗೆ ಮಾತ್ರ ಯಾವುದಕ್ಕೂ ಕೊರತೆ ಮಾಡಲಿಲ್ಲ, ಮೂಗು ಮುಚ್ಚಿಕೊಂಡೇ ಆಕೆಯ ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಹಾಕುತ್ತಿದ್ದರು.

ನನಗೋ ನಗು. "ಮಾವ, ಉಕ್ಕಿಗೆ ಹಸಿವಾಗಲ್ಲ" ಎಂದು ಚುಡಾಯಿಸಿದೆ. ಕೊನೆಯ ಸಾಲುಗಳನ್ನು ಆಮೇಲೆ ಓದಿಕೊಂಡಿದ್ದೆ, ಆದರೆ ಹೇಳಲಿಲ್ಲ. ಅವರ ಹುರುಪು ಕಂಡು ನಾಳೆ ಹೇಳಿದರಾಯಿತು, ನಾಡಿದ್ದು ಹೇಳಿದರಾಯಿತು ಎಂದುಕೊಂಡೆ... ತಿಂಗಳುಗಳು ಹೋದವು. ಅಂಗಿ ಸಡಿಲವಾಯಿತು. ತಂಗಿಯ ಕೈ ಹಿಡಿದು ಮೆಟ್ಟಿಲು ಇಳಿಸುತ್ತಿದ್ದವರು ತಂಗಿಯ ಭುಜ ಹಿಡಿದು ಇಳಿಯತೊಡಗಿದರು. ಒಂದು ದಿನ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಮೈಯಲ್ಲಿ ಶಕ್ತಿಯೇ ಉಳಿದಿಲ್ಲ ಎಂದರು ಡಾಕ್ಟರು. ಮಲಗಿದವರು ಮತ್ತೆ ಏಳದೆ ತೀರಿಕೊಂಡರು.

ವಯಸ್ಸು ಕಾರಣವೋ, ಆ ಊಟ ಕಾರಣವೋ, ಡಾಕ್ಟರು ಹೇಳಲಿಲ್ಲ. ನಾನು ಕೇಳಲಿಲ್ಲ, ಕೇಳಲು ಹೆದರಿಕೆಯಾಗಿತ್ತು. ಒಂದು ಪಾತ್ರೆ ಹಾಲು ಹಾಳಾದರೆ ಏನಾಗುತ್ತಿತ್ತು? ನಿಂತು ಪೂರ್ತಿ ಓದಬಾರದಿತ್ತೇ? ಈ ಪ್ರಶ್ನೆ ಬಂದಾಗ ಇವತ್ತಿಗೂ ಕೂತಲ್ಲಿ ಕೂರಲಾಗುವುದಿಲ್ಲ, ಎದ್ದು ಮನೆಯೆಲ್ಲ ಸುತ್ತುತ್ತೇನೆ.

ತಂಗಿ ಈಗ ಭದ್ರಾವತಿ ಹತ್ತಿರದ ಆಶ್ರಮವೊಂದರಲ್ಲಿದ್ದಾರೆ. ನಮ್ಮ ಮನೆಯಲ್ಲೇ ಇಟ್ಟುಕೊಳ್ಳುವ ಧೈರ್ಯ ನನಗಾಗಲಿಲ್ಲ, ಅದನ್ನೂ ಒಪ್ಪಿಕೊಳ್ಳಬೇಕು. ಭಾನುವಾರ ಹೋಗಿ ಊಟ ಮಾಡಿಸಿ ಬರುತ್ತೇನೆ. ಮೊನ್ನೆ ಎರಡು ತುತ್ತು ತಿಂದು, ಬಾಯಿಗೆ ಕೈ ಅಡ್ಡ ಹಿಡಿದು ಕೇಳಿದರು.

"ಅಣ್ಣ ಊಟ ಮಾಡಿದ್ನಾ?"

"ಮಾಡಿದ್ರು, ಹೊಟ್ಟೆ ತುಂಬ ಮಾಡಿದ್ರು" ಎಂದೆ.

ಆಗ ಕೈ ತೆಗೆದು ಬಾಯಿ ತೆರೆದರು.